ನಡುರಾತ್ರಿಗೆ ತೀರುವ ಪಡಿ

ಹಣ ಕೊಟ್ಟು ಕೊಂಡ ಪದಾರ್ಥವನ್ನು ಪೂರ್ತಿಯಾಗಿ ಉಪಯೋಗಿಸದೆ ಬಿಡುವದು ದುಂದುಗಾರಿಕೆಯೋ ಅಲ್ಲವೋ? ಈ ಪ್ರಶ್ನೆಗೆ ಉತ್ತರ ಹೇಳಲು ನಮ್ಮ ಸಭೆಗಳವರು ಒಂದು ಗಳಿಗೆಯೂ ತಡಮಾಡಲಾರರು. ಎಲೆಯಲ್ಲಿ ಅನ್ನ ಬಿಡಬಾರದು, ದೀಪವನ್ನು ಸುಮ್ಮನೆ ಉರಿಸಬಾರದು, ಹರಿದದ್ದನ್ನು ಹೊಲಿದು ಉಡಬೇಕು ಎಂದು ನಮ್ಮ ಹಿರಿಯರು ಕಲಿಸಿದರು. ಬರಗಾಲದಲ್ಲಿ ರಾಗಿಯ ಗಂಜಿಗೂ ಗತಿಯಿಲ್ಲದೆ ದಿನ ಕಳೆದವರ ಮೊಮ್ಮಕ್ಕಳಾದ ನಮಗೆ ಈ ಪಾಠವನ್ನು ಪುಸ್ತಕದಿಂದ ಕಲಿಯಬೇಕಾದದ್ದಿಲ್ಲ. ಆದರೆ ಒಂದು ಮನೆಯಲ್ಲಿ ಒಬ್ಬ ಹುಡುಗನು ಇದೇ ಪಾಠವನ್ನು ತನ್ನ ತಂದೆಗೆ ತಿರುಗಿ ಒಪ್ಪಿಸಿದಾಗ, ತಂದೆಯ ಬಾಯಿಯೂ ಅಲ್ಲಿದ್ದ ನಮ್ಮ ಬಾಯಿಯೂ ಕಟ್ಟಿತು. ಅಂದಿನಿಂದ ಈ ಪ್ರಶ್ನೆಯನ್ನು ಮೊದಲಿನಷ್ಟು ಸುಲಭವೆಂದು ನಾವು ಎಣಿಸಲಾರದೆ ಇದ್ದೇವೆ.

ಬೆಂಗಳೂರಿನ ಪಶ್ಚಿಮದಲ್ಲಿ ನಾಗರಭಾವಿಗೆ ಹೊಂದಿಕೊಂಡು ಅನ್ನಪೂರ್ಣೇಶ್ವರಿ ನಗರವೆಂಬ ಬಡಾವಣೆಯುಂಟು. ಹೊಟ್ಟೆಪಾಡಿಗಾಗಿ ಹಳ್ಳಿಯ ಸಭೆಗಳನ್ನು ಬಿಟ್ಟು ಹೋದ ಕೆಲವು ಕುಟುಂಬಗಳು, ಅನ್ನದ ಹೆಸರನ್ನು ಹೊತ್ತ ಆ ಬಡಾವಣೆಯಲ್ಲಿ ಬಾಡಿಗೆಯ ಮನೆಗಳಲ್ಲಿ ವಾಸವಾಗಿವೆ. ಅಂಥ ಒಂದು ಮನೆಗೆ ಕಳೆದ ಮಳೆಗಾಲದಲ್ಲಿ ಮನೆಪ್ರಾರ್ಥನೆಗೆಂದು ಹೋಗಿದ್ದೆವು. ಯಜಮಾನನು ಮಂಡ್ಯ ಜಿಲ್ಲೆಯ ನಾಲೆಯ ಬಯಲಿನವನು. ಈಗ ಆಟೋ ಓಡಿಸುತ್ತಾನೆ. ಹೆಂಡತಿಯು ಮೈಸೂರು ರಸ್ತೆಯ ಕಡೆಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಮಗನು ಒಂಬತ್ತನೆಯ ತರಗತಿ, ಮಗಳು ಏಳನೆಯದು. ಪ್ರಾರ್ಥನೆ ಮುಗಿದು, ಊಟವಾಗಿ, ಊರಿನವರ ಕ್ಷೇಮಸಮಾಚಾರದಲ್ಲಿ ಹೊತ್ತು ಹೋಗಿ, ಮಳೆಯೂ ಹಿಡಿದದ್ದರಿಂದ ಆ ರಾತ್ರಿ ಅಲ್ಲಿಯೇ ಮಲಗಿದೆವು. ಹನ್ನೊಂದೂವರೆಯ ಸುಮಾರಿಗೆ ಎಚ್ಚರವಾಗಿ ನೋಡಲು, ಮೂಲೆಯಲ್ಲಿ ಕಂಬಳಿಯೊಳಗಿಂದ ನೀಲಿ ಬೆಳಕು ಹೊರಡುತ್ತಿತ್ತು. ತಂದೆಯೂ ಎದ್ದನು, ಕಂಬಳಿಯನ್ನು ಎಳೆದು ಮಗನನ್ನು ಗದರಿಸಿದನು. ಹುಡುಗನು ಹೆದರಲಿಲ್ಲ. "ಅಪ್ಪಾ, ಇನ್ನೂ ಅರ್ಧ ಜಿಬಿ ಮಿಕ್ಕಿದೆ. ಹನ್ನೆರಡಾದರೆ ಹೋಗಿಬಿಡುತ್ತೆ. ದುಡ್ಡು ಕೊಟ್ಟದ್ದನ್ನ ಹಾಳು ಮಾಡಬಾರದು ಅಂತ ನೀನೇ ತಾನೆ ಹೇಳೋದು?" ಎಂದನು. ತಂದೆಯು ಎತ್ತಿದ ಕೈಯನ್ನು ಇಳಿಸಿ, ಏನೂ ಹೇಳದೆ ಹೋಗಿ ಮಲಗಿಕೊಂಡನು.

ಬೆಳಿಗ್ಗೆ ಆ ಸಹೋದರನು ಆಟೋವಿನ ಗಾಜನ್ನು ಒರಸುತ್ತಾ ನಮ್ಮನ್ನು ಕೇಳಿದ್ದೇನಂದರೆ: "ಅಯ್ಯಾ, ಅವನು ಹೇಳಿದ್ದರಲ್ಲಿ ತಪ್ಪು ಏನಿದೆ? ನಾನು ಏನು ಉತ್ತರ ಕೊಡಬೇಕಿತ್ತು?" ಆಗ ನಮಗೆ ಉತ್ತರ ತೋಚಲಿಲ್ಲ. ಈ ಬರಹವು ಅವನಿಗೆ ನಾವು ತಡವಾಗಿ ಕೊಡುತ್ತಿರುವ ಉತ್ತರವಾಗಿದೆ. ಇದು ಪಟ್ಟಣದವರ ಮಾತು, ನಮಗೇನು ಎಂದು ಹಳ್ಳಿಯ ವಾಚಕರು ಹಾಳೆಯನ್ನು ಮಗುಚಬಾರದು. ಅದೇ ಕಂಬಳಿ, ಅದೇ ಬೆಳಕು ನಿಮ್ಮ ಊರಿನ ಹೆಂಚಿನ ಮಾಡಿನ ಕೆಳಗೂ ಇರುವದು ನಿಮಗೇ ಗೊತ್ತು.

ಮೊದಲು ಪದಾರ್ಥವನ್ನೂ ಅದರ ಬೆಲೆಯನ್ನೂ ತಿಳಿದುಕೊಳ್ಳೋಣ. ನಮ್ಮ ದೇಶದಲ್ಲಿ ಒಂದು ಜಿಬಿ ಡೇಟಾಕ್ಕೆ 2014ರ ಡಿಸೆಂಬರಿನಲ್ಲಿ ಸರಾಸರಿ ಸುಮಾರು 269 ರೂಪಾಯಿ ಬೀಳುತ್ತಿತ್ತು. 2016ರ ಸೆಪ್ಟೆಂಬರ್ 5ರಂದು ಜಿಯೋ ಕಂಪನಿಯು ತನ್ನ ಸೇವೆಯನ್ನು ಆರಂಭಿಸಿ, ಮರುವರುಷದ ಮಾರ್ಚ್ ಕೊನೆಯ ತನಕ ಅದನ್ನು ಪುಕ್ಕಟೆಯಾಗಿ ಹಂಚಿತು; ಉಳಿದ ಕಂಪನಿಗಳೂ ದರ ಇಳಿಸಬೇಕಾಯಿತು. 2024ರ ಮಾರ್ಚಿಗೆ ಒಂದು ಜಿಬಿಯ ಸರಾಸರಿ ಬೆಲೆಯು ಸುಮಾರು 9 ರೂಪಾಯಿಯಾಗಿತ್ತು. ಹತ್ತು ವರುಷದೊಳಗೆ ಒಂದು ಪದಾರ್ಥದ ಬೆಲೆಯು ಮೂವತ್ತರಲ್ಲಿ ಒಂದು ಪಾಲಿಗೆ ಇಳಿದದ್ದನ್ನು ನಮ್ಮ ಹಿರಿಯರು ಯಾವ ಸಂತೆಯಲ್ಲಿಯೂ ಕಂಡಿರಲಿಲ್ಲ. ಇದರಿಂದ ಬಡವರಿಗೆ ಉಪಕಾರವಾಯಿತೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಇನ್ನೊಂದು ಸಂಗತಿಯೂ ನಡೆಯಿತು. ಬೆಲೆಯು ಹೆಚ್ಚಾಗಿದ್ದ ಕಾಲದಲ್ಲಿ ಬೆಲೆಯೇ ಬೇಲಿಯಾಗಿತ್ತು. ಇನ್ನೂರೈವತ್ತು ರೂಪಾಯಿಯ ಪದಾರ್ಥವನ್ನು ಆಟಕ್ಕೆಂದು ಮಗುವಿನ ಕೈಗೆ ಯಾರೂ ಕೊಡುತ್ತಿರಲಿಲ್ಲ. ಆ ಬೇಲಿ ಬಿದ್ದುಹೋಯಿತು. ಅದರ ಜಾಗದಲ್ಲಿ ತಾವು ನಿಲ್ಲಬೇಕಾಗಿದೆಯೆಂದು ತಂದೆತಾಯಿಗಳಿಗೆ ಯಾರೂ ತಿಳಿಸಲಿಲ್ಲ.

ಅಗ್ಗವಾಯಿತೆಂದ ಮೇಲೆ ಮನೆಯವರು ಲೆಕ್ಕವನ್ನೂ ಬಿಟ್ಟರು. ಆ ಮನೆಯಲ್ಲಿ ಮೂರು ಫೋನುಗಳು. ಒಂದೊಂದಕ್ಕೂ ದಿವಸಕ್ಕೆ ಒಂದೂವರೆ ಜಿಬಿ ಸಿಕ್ಕುವ 299 ರೂಪಾಯಿಯ ರೀಚಾರ್ಜ್. 2024ರ ಜುಲೈಗೆ ಮುಂಚೆ ಇದೇ ಪಡಿಗೆ 239 ರೂಪಾಯಿ ಇತ್ತು. ಸಹೋದರನು ಇದನ್ನು ತಿಂಗಳ ಖರ್ಚೆಂದು ತಿಳಿದು, ಹನ್ನೆರಡರಿಂದ ಗುಣಿಸಿ, ಫೋನೊಂದಕ್ಕೆ ವರುಷಕ್ಕೆ 3,588 ರೂಪಾಯಿ ಎಂದನು. ಮಗಳು ನೋಟುಬುಕ್ಕನ್ನು ತಂದು ಪಕ್ಕದಲ್ಲಿ ಕೂತವಳು, ಇದು 28 ದಿವಸದ್ದು, ತಿಂಗಳದ್ದಲ್ಲ ಎಂದು ನೆನಪಿಸಿದಳು. ನಿಜವೇ. 28 ದಿವಸದಂತೆ ವರುಷಕ್ಕೆ ಹದಿಮೂರು ಸಾರಿ ಹಾಕಿಸಬೇಕಾಗುತ್ತದೆ. ಆಗ ಫೋನೊಂದಕ್ಕೆ 3,887 ರೂಪಾಯಿ, ಮೂರಕ್ಕೆ 11,661. ಕ್ಯಾಲೆಂಡರಿನಲ್ಲಿ ಇಲ್ಲದ ಈ ಹದಿಮೂರನೆಯ ತಿಂಗಳಿನ ವಿಷಯದಲ್ಲಿ ಜನರ ದೂರುಗಳು ಹೆಚ್ಚಿದ್ದರಿಂದಲೇ, ಕಂಪನಿಗಳು 30 ದಿವಸದ ಒಂದು ಪಡಿಯನ್ನಾದರೂ ಇಟ್ಟಿರಬೇಕೆಂದು ಟ್ರಾಯ್ ಎಂಬ ದೂರಸಂಪರ್ಕ ಪ್ರಾಧಿಕಾರವು 2022ರ ಜನವರಿಯಲ್ಲಿ ವಿಧಿಸಿತು. ಬಹು ಕಾಲ ಮಾತಿನ ಪಡಿಯ ಸಂಗಡ ಡೇಟಾವನ್ನೂ ಕಟ್ಟಿಯೇ ಮಾರುತ್ತಿದ್ದದ್ದರಿಂದ, ಇಂಟರ್‌ನೆಟ್ಟನ್ನು ಎಂದಿಗೂ ಮುಟ್ಟದ ಮುದುಕರೂ ಅದಕ್ಕೆ ಹಣ ತೆತ್ತರು. 2024ರ ಡಿಸೆಂಬರಿನಲ್ಲಿ ಅದೇ ಪ್ರಾಧಿಕಾರವು ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರವುಳ್ಳ ಪಡಿಯನ್ನೂ ಮಾರಬೇಕೆಂದು ಗೊತ್ತುಮಾಡಲು, 2025ರ ಜನವರಿಯಿಂದ ಅಂಥವುಗಳು ಬಂದವು. ಊರಿನಲ್ಲಿರುವ ಅಜ್ಜಿಯ ಫೋನಿಗೆ ಏನು ಹಾಕಿಸುತ್ತೀರೆಂದು ವಾಚಕರು ಒಂದು ಸಾರಿ ಅಂಗಡಿಯಲ್ಲಿ ವಿಚಾರಿಸತಕ್ಕದ್ದು.

ಮನೆಗೆ ತಂತಿಯ ಇಂಟರ್‌ನೆಟ್ ಹಾಕಿಸಿದರೆ ಉಳಿಯುವದೋ ಎಂದೂ ಲೆಕ್ಕ ನೋಡಿದೆವು. ತಿಂಗಳಿಗೆ 399 ರೂಪಾಯಿ, ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ ಸೇರಿ ಸುಮಾರು 471, ವರುಷಕ್ಕೆ 5,650. ಆಗ ಮಗನ ಫೋನಿಗೆ ರೀಚಾರ್ಜ್ ಬೇಡ. ತಾಯಿಗೆ ಮಾತಿನ ಪಡಿ ಸಾಕು. ಆದರೆ ಕೂಡಿಸಿ ಕಳೆದರೆ ಹಣದಲ್ಲಿ ಹೇಳಿಕೊಳ್ಳುವಂಥ ಲಾಭವೇನೂ ಕಾಣಲಿಲ್ಲ. ಒಂದು ಗುಣವಿದೆ: ಆ ತಂತಿಗೆ ಗೋಡೆಯಲ್ಲಿ ಒಂದು ಸ್ವಿಚ್ಚು ಇರುತ್ತದೆ. ಒಂದು ದೋಷವೂ ಇದೆ: ಸ್ವಿಚ್ಚನ್ನು ಆರಿಸುವವರಿಲ್ಲದಿದ್ದರೆ ಅಲ್ಲಿ ಒಂದೂವರೆ ಜಿಬಿಯ ಮಿತಿಯೂ ಇರುವದಿಲ್ಲ.

ಇನ್ನು ಹುಡುಗನ ಮಾತಿಗೆ ಬರೋಣ. ಅವನ ಪರವಾಗಿ ವೇದದಿಂದಲೇ ಸಾಕ್ಷಿ ತರಬಹುದೆಂಬದನ್ನು ನಾವು ಮುಚ್ಚಿಡಲಾರೆವು. ಕರ್ತನು ಐದು ಸಾವಿರ ಜನರಿಗೆ ಊಟ ಕೊಟ್ಟ ಮೇಲೆ, ಉಳಿದ ತುಂಡುಗಳೊಳಗೆ ಯಾವದೂ ನಷ್ಟವಾಗದಂತೆ ಕೂಡಿಸಬೇಕೆಂದು ಶಿಷ್ಯರಿಗೆ ಅಪ್ಪಣೆಕೊಟ್ಟ ಸಂಗತಿಯು ಯೋಹಾನನ ಸುವಾರ್ತೆಯಲ್ಲಿದೆ. ಎಷ್ಟು ರೊಟ್ಟಿ ಬೇಕಾದರೂ ಮಾಡಬಲ್ಲಾತನು ತುಣುಕಿನ ವಿಷಯದಲ್ಲಿ ಅಷ್ಟು ಎಚ್ಚರವಾಗಿದ್ದರೆ, ಅರ್ಧ ಜಿಬಿಯನ್ನು ಬಿಡಬಾರದೆಂದ ಹುಡುಗನನ್ನು ಯಾಕೆ ಗದರಿಸಬೇಕು? ಆದರೆ ಆ ಕಥೆಯನ್ನು ನಿಧಾನವಾಗಿ ಓದುವವನಿಗೆ ಒಂದು ಸಂಗತಿ ಗೊತ್ತಾಗುವದು. ಜನರು ತೃಪ್ತರಾದರು, ಆ ಮೇಲೆ ತುಂಡುಗಳನ್ನು ಕೂಡಿಸಿದರು, ಹನ್ನೆರಡು ಪುಟ್ಟಿಗಳು ತುಂಬಿದವು. ತೃಪ್ತರಾದವರನ್ನು ತಿರುಗಿ ಕೂಡ್ರಿಸಿ, ಪುಟ್ಟಿಗಳು ಬರಿದಾಗುವ ತನಕ ತಿನ್ನಿರಿ ಎಂದು ಆತನು ಹೇಳಲಿಲ್ಲ. ಉಳಿದದ್ದನ್ನು ಕಾಪಾಡುವದು ಬೇರೆ, ಉಳಿಯಬಾರದೆಂದು ಹೊಟ್ಟೆಗೆ ತುರುಕುವದು ಬೇರೆ. ಮೊದಲನೆಯದು ಮಿತವ್ಯಯ, ಎರಡನೆಯದಕ್ಕೂ ನಾವು ಅದೇ ಹೆಸರನ್ನಿಟ್ಟು ಎಷ್ಟೋ ಸಾರಿ ಮೋಸಹೋಗಿದ್ದೇವೆ. ಮದುವೆ ಊಟದಲ್ಲಿ ಮುಯ್ಯಿಯ ಹಣಕ್ಕೆ ಸರಿಯಾಗಿ ತಿನ್ನಬೇಕೆಂದು ತಿಂದು ಮರುದಿನ ಕಷಾಯ ಕುಡಿದವರು ನಮ್ಮ ಸಭೆಗಳಲ್ಲಿ ಒಬ್ಬಿಬ್ಬರಲ್ಲ.

ಮನ್ನದ ಕಥೆಯು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾಗಿದೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಸಿಕ್ಕಿದ್ದೂ ದಿನದಿನದ ಪಡಿಯೇ. ನಾಳೆಗೆಂದು ಇಟ್ಟುಕೊಂಡದ್ದು ಹುಳಬಿತ್ತು. ಕೂಡಿಸದೆ ನೆಲದ ಮೇಲೆ ಬಿಟ್ಟದ್ದು ಬಿಸಿಲೇರಿದಾಗ ಕರಗಿಹೋಯಿತು. ಹೀಗೆ ಬೆಳಗಾದರೆ ಎಷ್ಟೋ ಮನ್ನ ಕರಗಿಹೋಗುತ್ತಿತ್ತಾದರೂ, ಅದನ್ನು ಹಾಳುಮಾಡಿದಿರಿ ಎಂದು ಮೋಶೆಯು ಯಾರನ್ನೂ ಗದರಿಸಲಿಲ್ಲ. ಅವನು ಸಿಟ್ಟುಗೊಂಡದ್ದು ಬೇಕಾದದ್ದಕ್ಕಿಂತ ಹೆಚ್ಚಾಗಿ ಹಿಡಿದಿಟ್ಟವರ ಮೇಲೆ. ಮನ್ನದ ಅಳತೆಯು ತಿನ್ನುವವನ ಹಸಿವಿಗೆ ತಕ್ಕದ್ದಾಗಿತ್ತು. ಕಂಪನಿಯ ಅಳತೆಯಾದರೋ ದಾರಿ ಹುಡುಕಬೇಕಾದ ಆಟೋದವನಿಗೂ ಒಂದೇ, ಒಂಬತ್ತನೆಯ ತರಗತಿಯ ಹುಡುಗನಿಗೂ ಒಂದೇ. ಒಂದೂವರೆ ಎಂಬ ಅಂಕೆಯು ಅವನ ಅವಶ್ಯಕತೆಯನ್ನು ಅಳೆದು ಬಂದದ್ದಲ್ಲ. ಮಾರುವವನು ಇಟ್ಟ ಅಳತೆಯನ್ನು ಕೊಳ್ಳುವವನು ತನ್ನ ಕರ್ತವ್ಯವೆಂದು ತಿಳಿದದ್ದೇ ಇಲ್ಲಿಯ ತಪ್ಪು.

ಅಲ್ಲದೆ ಡೇಟಾವೆಂಬದು ಕಣಜದಲ್ಲಿ ತುಂಬಿಟ್ಟ ಧಾನ್ಯವಲ್ಲ. ಅದು ಟವರಿನಿಂದ ಹರಿಯುವ ಒಂದು ಹರಿವು. ಟವರನ್ನು ನಿಲ್ಲಿಸಲಿಕ್ಕೂ ಗಾಳಿಯಲ್ಲಿ ಹಾಯುವ ತರಂಗಗಳ ಹಕ್ಕನ್ನು ಸರ್ಕಾರದಿಂದ ಕೊಳ್ಳಲಿಕ್ಕೂ ಕಂಪನಿಗೆ ಬಹಳ ಹಣ ಹಿಡಿಯುತ್ತದೆ. ಆದರೆ ಒಮ್ಮೆ ನಿಂತ ಟವರಿನಿಂದ ಇನ್ನೂ ಅರ್ಧ ಜಿಬಿ ಹರಿದರೂ ಹರಿಯದಿದ್ದರೂ ಅದರ ಖರ್ಚು ಹೆಚ್ಚುಕಡಿಮೆ ಒಂದೇ. ನಡುರಾತ್ರಿ ಹನ್ನೆರಡಕ್ಕೆ ಹುಡುಗನ ಪಡಿ ತೀರಿದಾಗ ಯಾವ ಹೊಲದಲ್ಲಿಯೂ ಒಂದು ತೆನೆ ಉದುರುವದಿಲ್ಲ. ಅವನು ಕಾಪಾಡಲು ಹೊರಟ ಆಸ್ತಿ ಎಷ್ಟೆಂದು ಎಣಿಸಿ ನೋಡಿದೆವು: 28 ದಿವಸಕ್ಕೆ 42 ಜಿಬಿ, 299 ರೂಪಾಯಿ, ಅರ್ಧ ಜಿಬಿಗೆ ಮೂರೂವರೆ ರೂಪಾಯಿ. ರಸ್ತೆಯ ಬದಿಯಲ್ಲಿ ಅದಕ್ಕೆ ಒಂದು ಲೋಟ ಚಹಾ ಬಾರದು. ಅದಕ್ಕೆ ಪ್ರತಿಯಾಗಿ ಅವನು ತೆತ್ತದ್ದು ಎರಡು ತಾಸಿನ ನಿದ್ರೆ, ಮರುದಿನ ಮೊದಲನೆಯ ಪಾಠದ ಹೊತ್ತಿನ ಎಚ್ಚರ. ಹದಿನಾಲ್ಕು ವರುಷದ ದೇಹಕ್ಕೆ ಎಂಟು ತಾಸಿಗೆ ಕಡಿಮೆಯಿಲ್ಲದ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಅದರ ಮೇಲೆ, ಅವನು ನೋಡುತ್ತಿದ್ದ ಚಿಕ್ಕ ಚಿಕ್ಕ ವಿಡಿಯೋಗಳನ್ನು ನಡೆಸುವವರು ಜಾಹೀರಾತಿನಿಂದ ಹಣ ಗಳಿಸುವವರು. ಎಷ್ಟು ಹೊತ್ತು ಕಣ್ಣು ತೆರೆದಿದ್ದರೆ ಅವರಿಗೆ ಅಷ್ಟು ಲಾಭ. ಆ ರಾತ್ರಿ ಕೊಂಡವನು ತಾನೆಂದು ಹುಡುಗನು ತಿಳಿದಿದ್ದನು. ಅವನ ಹೊತ್ತನ್ನು ಮತ್ತೊಬ್ಬನು ಮಾರಿಕೊಳ್ಳುತ್ತಿದ್ದನು.

ಇಷ್ಟನ್ನು ನಾವು ಹೇಳಲು, ಸಹೋದರನು ತಾನಾಗಿಯೇ ನಾಲೆಯ ಮಾತನ್ನು ತೆಗೆದನು. ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಅವನ ಊರಿನಲ್ಲಿ ಒಬ್ಬ ರೈತನು, ನೀರಿನ ಕರ ಕಟ್ಟಿದ್ದೇನೆ, ನನ್ನ ಸರದಿಯ ನೀರನ್ನು ಮತ್ತೊಬ್ಬನಿಗೆ ಯಾಕೆ ಬಿಡಲಿ ಎಂದು, ಬೆಳೆಗೆ ಬೇಡವಾದಾಗಲೂ ತೂಬನ್ನು ತೆರೆದೇ ಇಡುತ್ತಿದ್ದನಂತೆ. ಕೆಲವು ವರುಷಗಳಲ್ಲಿ ಅವನ ಗದ್ದೆಯು ಜೌಗು ಹಿಡಿಯಿತು. ವಾಚಕರಲ್ಲಿ ತುಂಗಭದ್ರೆಯ ಎಡದಂಡೆಯವರು, ಗಂಗಾವತಿ ಸಿಂಧನೂರಿನ ಕಡೆಯವರು, ಇದನ್ನು ನಮಗಿಂತ ಚೆನ್ನಾಗಿ ಬಲ್ಲರು: ನೀರು ಹೆಚ್ಚಾಗಿ ಹರಿದು ಉಪ್ಪು ಮೇಲಕ್ಕೆ ಬಂದು ಚೌಳಾದ ಭೂಮಿಯು ಅಲ್ಲಿ ಕಣ್ಣಿಗೆ ಕಾಣುವಂತೆಯೇ ಇದೆ. ನೀರು ಕೆಟ್ಟದ್ದಲ್ಲ, ಅದಿಲ್ಲದೆ ಬೆಳೆಯಿಲ್ಲ. ಹಣ ಕೊಟ್ಟವನದೇ ನೀರು ಎಂಬದೂ ಸುಳ್ಳಲ್ಲ. ಆದರೂ ಭೂಮಿ ಕೆಟ್ಟಿತು.

ಹೌದು, ನೀರಿಲ್ಲದೆ ಬೆಳೆಯಿಲ್ಲ. ಫೋನನ್ನು ಒಡೆದು ಹಾಕಿರಿ ಎಂದು ಸುಲಭವಾಗಿ ಬೋಧಿಸುವವರಿಗೆ ಇದನ್ನು ಹೇಳಬೇಕಾಗಿದೆ. 2020ರಲ್ಲಿ ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದಾಗ, ಐದನೆಯ ತರಗತಿಯವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠ ಕೂಡದೆಂದು ಕರ್ನಾಟಕ ಸರ್ಕಾರವು ಜೂನಿನಲ್ಲಿ ಆಜ್ಞೆ ಮಾಡಿತು. ಎಳೆಯ ಕಣ್ಣುಗಳ ಚಿಂತೆಯಿಂದಲೇ ಅದು ಹಾಗೆ ಮಾಡಿತು. ಆದರೆ ಜುಲೈ 8ರಂದು ಕರ್ನಾಟಕ ಹೈಕೋರ್ಟು ಆ ಆಜ್ಞೆಗೆ ತಡೆ ಕೊಟ್ಟಿತು. ಮಗುವಿನ ಶಿಕ್ಷಣದ ಹಕ್ಕಿಗೆ ಅದು ವಿರುದ್ಧವೆಂದು ನ್ಯಾಯಾಲಯಕ್ಕೆ ಮೇಲ್ನೋಟಕ್ಕೆ ಕಂಡಿತ್ತು. ಮರುವರುಷ, 2021ರ ಜೂನಿನಲ್ಲಿ, ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆಯ ಒಂದು ಹಳ್ಳಿಯಿಂದ ಒಂದು ಚಿತ್ರವು ಪತ್ರಿಕೆಗಳಲ್ಲಿ ಬಂತು. ಮನೆಯಲ್ಲಿ ಸಿಗ್ನಲ್ ಸಿಕ್ಕದ್ದರಿಂದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಸುರಿಯುವ ಮಳೆಯಲ್ಲಿ ರಸ್ತೆಯ ಬದಿಯಲ್ಲಿ ಕೂತು ಪಾಠ ಕೇಳುತ್ತಿದ್ದಾಳೆ. ತಂದೆಯು ಅವಳ ಮೇಲೆ ಕೊಡೆ ಹಿಡಿದು ನಿಂತಿದ್ದಾನೆ. ಆ ಚಿತ್ರವನ್ನು ನೋಡಿದವರು ಇಂಟರ್‌ನೆಟ್ಟನ್ನು ಬರೇ ಸೈತಾನನ ಬಲೆಯೆಂದು ಹೇಳಲಾರರು.

ಆ ಚಿತ್ರದಿಂದ ನಮ್ಮ ಮನಸ್ಸು ತಿರುಗಿ ಅನ್ನಪೂರ್ಣೇಶ್ವರಿ ನಗರದ ಮನೆಗೆ, ಅಲ್ಲಿಯ ಮಗಳ ಕಡೆಗೆ ಹೋಯಿತು. ಹುಡುಗನ ಕೈಯಲ್ಲಿದ್ದ ಫೋನನ್ನು ಶಾಲೆ ಮುಚ್ಚಿದ್ದ ಆ ಕಾಲದಲ್ಲಿ ಚೀಟಿಯ ಹಣದಿಂದ ತಂದಿದ್ದರು. ಮಕ್ಕಳಿಗೆಂದು ತಂದದ್ದು ಮಗನದಾಯಿತು. ಯಾರೂ ಹಾಗೆ ಗೊತ್ತುಮಾಡಲಿಲ್ಲ, ಸುಮ್ಮನೆ ಹಾಗಾಯಿತು. ಮಗಳ ಶಾಲೆಯ ಪಾಠಗಳೂ ಮನೆಗೆಲಸವೂ ವಾಟ್ಸ್‌ಆಪಿನಲ್ಲಿ ತಾಯಿಯ ಫೋನಿಗೆ ಬರುತ್ತವೆ. ತಾಯಿಯು ಕೆಲಸದಿಂದ ಬರುವದು ಏಳಕ್ಕೆ, ಬಸ್ಸು ತಡವಾದರೆ ಎಂಟಕ್ಕೆ. ಅಡಿಗೆಗೆ ಕೈ ಹಾಕುತ್ತಾ ತಾಯಿಯು ಫೋನು ಕೊಟ್ಟ ಮೇಲೆ ಮಗಳು ಬರೆದುಕೊಳ್ಳಬೇಕು. ಅಷ್ಟರಲ್ಲಿ ಊರಿನಿಂದ ಯಾರಾದರೂ ಕರೆದರೆ ಕಾಯಬೇಕು. ಈ ಸಂಗತಿಯು ಲೆಕ್ಕದ ಹೊತ್ತಿನಲ್ಲಿ, ನಾವು ಕೇಳಿದ್ದರಿಂದ, ಹೊರಬಿತ್ತು. ತುಂಡುಗಳು ತುಂಬಿದ ಪುಟ್ಟಿಯು ಅಣ್ಣನ ಕಂಬಳಿಯೊಳಗಿತ್ತು. ಹಸಿವಾದರೋ ಬಾಗಿಲಲ್ಲಿ ಅಮ್ಮನ ದಾರಿ ನೋಡುತ್ತಿದ್ದ ತಂಗಿಗಿತ್ತು. ದುಡ್ಡು ಕೊಟ್ಟದ್ದು ಹಾಳಾಗಬಾರದೆಂದು ಹುಡುಗನು ಹೇಳಿದ್ದು ನಿಜವಾಗಿಯೂ ಅವನ ಚಿಂತೆಯಾಗಿದ್ದರೆ, ಸಂಜೆ ಆರಕ್ಕೇ ಅದಕ್ಕೆ ದಾರಿಯಿತ್ತು. ಪೌಲನು ಕೊರಿಂಥದವರಿಗೆ ಬರೆಯುವಾಗ ಮನ್ನದ ಕಥೆಯನ್ನು ಎತ್ತಿದ್ದು ಇದೇ ಅರ್ಥದಿಂದ: ಒಬ್ಬನ ಹೆಚ್ಚಿಗೆಯು ಮತ್ತೊಬ್ಬನ ಕೊರತೆಗೆ ಸಲ್ಲಬೇಕು.

ಹುಡುಗಿಯ ಕೈಗೆ ಫೋನ್ ಕೊಟ್ಟರೆ ಕೆಡುವಳು ಎಂಬ ಮಾತನ್ನು ನಮ್ಮ ಸಭೆಗಳಲ್ಲಿ ಹಿರಿಯರ ಬಾಯಿಂದಲೂ ಕೇಳಿದ್ದೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರೂ ಬೆಂಗಳೂರಿನಲ್ಲಿ ಲಂಡನ್ ಮಿಶನಿನವರೂ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಕಾಲದಲ್ಲಿ ಸ್ಲೇಟಿನ ಮತ್ತು ಪುಸ್ತಕದ ವಿಷಯವಾಗಿ ಹೇಳುತ್ತಿದ್ದದ್ದೂ ಇದೇ ಮಾತು. ಆಗ ಅದಕ್ಕೆ ಕಿವಿಗೊಡದೆ ಹೋದವರ ಮೊಮ್ಮಕ್ಕಳೇ ಈಗ ನಮ್ಮ ಆಸ್ಪತ್ರೆಗಳಲ್ಲಿಯೂ ಶಾಲೆಗಳಲ್ಲಿಯೂ ಕೆಲಸಮಾಡುತ್ತಿದ್ದಾರೆ. ಕೆಡಿಸುವಂಥದ್ದು ಫೋನಿನಲ್ಲಿ ಇದೆ, ಇಲ್ಲವೆನ್ನುವದಿಲ್ಲ. ಆದರೆ ಅದು ಗಂಡುಮಗುವನ್ನು ಕಂಡು ದೂರ ನಿಲ್ಲುವದೋ? ಅಪಾಯವೆಂದು ಮಗಳಿಗೆ ಬೀಗ ಹಾಕಿ, ಅದೇ ಅಪಾಯವನ್ನು ಮಗನಿಗೆ ಇಡೀ ರಾತ್ರಿ ಬಿಟ್ಟುಕೊಡುವ ಮನೆಯಲ್ಲಿ ಇಬ್ಬರಿಗೂ ಅನ್ಯಾಯವಾಗುತ್ತದೆ.

ಹಾಗಾದರೆ ತೂಬನ್ನು ಯಾರು ಕಾಯಬೇಕು? ಕೆರೆಯ ಕೆಳಗಿನ ನಮ್ಮ ಹಳ್ಳಿಗಳಲ್ಲಿ ನೀರುಗಂಟಿಯು ಇರುತ್ತಿದ್ದನು. ಅನೇಕ ಊರುಗಳಲ್ಲಿ ಈ ಕೆಲಸವು ಭೂಮಿಯಿಲ್ಲದ ದಲಿತ ಮನೆತನಗಳದ್ದಾಗಿತ್ತು. ನಮ್ಮ ವಾಚಕರಲ್ಲಿ ಕೆಲವರ ಅಜ್ಜಂದಿರೇ ಅದನ್ನು ಮಾಡಿದವರು. ಕೆರೆಯ ಅಂಚಿನಲ್ಲಿ ಸ್ವಂತ ಗದ್ದೆ ಇಲ್ಲದವನಾದ್ದರಿಂದ ಯಾವ ಗದ್ದೆಗೆ ಎಷ್ಟು ಎಂದು ಅವನು ಹೇಳಿದರೆ ಗೌಡನಾದರೂ ಕೇಳಬೇಕಾಗಿತ್ತು. ಮನೆಯ ಯಜಮಾನನು ತಾನೇ ನೀರುಗಂಟಿಯೆಂದು ತಿಳಿಯುತ್ತಾನೆ. ಆದರೆ ತೂಬಿಗೆ ಎಲ್ಲರಿಗಿಂತ ಹತ್ತಿರದ ಗದ್ದೆ ಅವನದೇ! ಆಟೋ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾಯುತ್ತಾ, ಊಟ ಮಾಡುತ್ತಾ, ಮಲಗುವ ಮುಂಚೆ ಗೋಡೆಯ ಕಡೆಗೆ ಮುಖ ಮಾಡಿಕೊಂಡು ತಾನೂ ವಿಡಿಯೋ ನೋಡುತ್ತೇನೆಂದು ಆ ಸಹೋದರನು ಒಪ್ಪಿಕೊಂಡನು. ದುಡಿದು ಬಂದವನು ಸ್ವಲ್ಪ ನೋಡಿದರೆ ತಪ್ಪೇನೆಂದು ಕೇಳಿದನು. ತಪ್ಪಿಲ್ಲ. ಆದರೆ ತನ್ನ ಹೊತ್ತನ್ನು ಲೆಕ್ಕಕ್ಕೆ ಸೇರಿಸದೆ ಮಗನ ಹೊತ್ತನ್ನು ಮಾತ್ರ ಎಣಿಸುವ ತಂದೆಗೆ ಕೈಯ ಬಲವಿರಬಹುದು, ಮಾತಿನ ಬಲವಿರಲಾರದು. ಅಂದು ರಾತ್ರಿ ಅವನ ಕೈ ಇಳಿದದ್ದು ಹುಡುಗನ ಯುಕ್ತಿಗೆ ಮಾತ್ರವಲ್ಲವೆಂದು ನಮಗೆ ತೋರುತ್ತದೆ.

ಮಗನಿಗೆ ತಿಳಿಯದಂತೆ ಅವನ ಫೋನನ್ನು ನೋಡುತ್ತಿರಬಹುದೋ ಎಂದು ತಾಯಿಯು ಕೇಳಿದಳು. ಇದು ಕಷ್ಟದ ಪ್ರಶ್ನೆ. ಮಗುವಿನ ಪ್ರಾಣಕ್ಕೋ ಮಾನಕ್ಕೋ ಅಪಾಯವಿದೆಯೆಂಬ ಸಂಶಯಕ್ಕೆ ಕಾರಣವಿದ್ದರೆ ಕೇಳದೆಯೂ ನೋಡತಕ್ಕದ್ದೆಂದೇ ನಮ್ಮ ಅಭಿಪ್ರಾಯ. ಅಂಥ ಸಮಯದಲ್ಲಿ 1098 ಎಂಬ ಮಕ್ಕಳ ಸಹಾಯವಾಣಿಯೂ, ಹಣದ ಮೋಸವಾದರೆ 1930 ಎಂಬ ಸಂಖ್ಯೆಯೂ ಎಲ್ಲರ ನೆನಪಿನಲ್ಲಿರಬೇಕು. ಆದರೆ ದಿನದ ರೂಢಿಯಾಗಿ ಕದ್ದು ನೋಡುವದು ಬೇರೆ. ದೇವರು ನೋಡುತ್ತಾನೆಂದು ಮಕ್ಕಳನ್ನು ಹೆದರಿಸುವ ನಾವು, ಆತನು ಹೇಗೆ ನೋಡುತ್ತಾನೆಂಬದನ್ನು ಮರೆಯುತ್ತೇವೆ. ಏದೆನ್ ತೋಟದಲ್ಲಿ ಯಾವ ಮರ ಕೂಡದೆಂದು ಆತನು ಮೊದಲೇ, ಬಾಯಿಬಿಟ್ಟು ಹೇಳಿದ್ದನು. ಕೂಡದ ಮರವು ಒಂದೇ ಆಗಿತ್ತು. ಉಳಿದ ತೋಟವೆಲ್ಲಾ ತೆರೆದಿತ್ತು. ಗೂಗಲಿನ ಫ್ಯಾಮಿಲಿ ಲಿಂಕ್ ಎಂಬ ಸಾಧನದಿಂದ ಮಗುವಿನ ಫೋನಿಗೆ ದಿವಸಕ್ಕೆ ಇಷ್ಟು ಹೊತ್ತೆಂದು, ಇಷ್ಟು ಗಂಟೆಗೆ ಮುಚ್ಚಬೇಕೆಂದು ಪುಕ್ಕಟೆಯಾಗಿ ಗೊತ್ತುಮಾಡಬಹುದು. ಅದನ್ನು ಮಗನ ಎದುರಿಗೆ ಕೂತು, ಅವನಿಗೆ ತೋರಿಸಿ ಮಾಡಿದರೆ ಬೇಲಿಯಾಗುವದು. ಅವನು ಮಲಗಿದ ಮೇಲೆ ಮಾಡಿದರೆ ಬಲೆಯಾಗುವದು. ಮನೆಯ ಕಟ್ಟಳೆಯ ಕೈಮೀರಿದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯು 2014ರಿಂದ ಒಂದು ಚಿಕಿತ್ಸಾಲಯವನ್ನೇ ನಡೆಸಿಕೊಂಡು ಬಂದಿದೆ. ಅಲ್ಲಿಗೆ ಹೋಗುವದರಲ್ಲಿ ನಾಚಿಕೆಯಿಲ್ಲ.

ನಮ್ಮ ಗಡಿಯಾಚೆ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯುಂಟು. 2022ರ ಆಗಸ್ಟ್ 15ರಿಂದ ಆ ಊರಿನವರು ಸಂಜೆ ಏಳಕ್ಕೆ ಸೈರನ್ ಕೂಗಿಸಿ, ಎಂಟೂವರೆಯ ತನಕ ಟಿವಿಯನ್ನೂ ಫೋನನ್ನೂ ಮುಚ್ಚಿಡುವ ಪದ್ಧತಿಯನ್ನು ಆರಂಭಿಸಿದರು. ಅದರಲ್ಲಿ ನಮಗೆ ಹಿಡಿಸಿದ್ದು ಸೈರನ್ನಲ್ಲ. ಅದು ಕೂಗಿದಾಗ ದೊಡ್ಡವರೂ ಮುಚ್ಚಬೇಕೆಂಬದು. ನಮ್ಮ ಹಳ್ಳಿಗಳಲ್ಲಿ ದೇವಾಲಯದ ಗಂಟೆಗಳು ಹೇಗೂ ಇವೆ. ಸಭಾ ಹಿರಿಯರು ಆಲೋಚಿಸಲಿ.

ಎರಡು ತಿಂಗಳಾದ ಮೇಲೆ ತಿರುಗಿ ಆ ಮನೆಗೆ ಹೋಗಿದ್ದೆವು. ಬಾಗಿಲಿನ ಹಿಂದೆ ನೋಟುಬುಕ್ಕಿನ ಒಂದು ಹಾಳೆಯನ್ನು ಅಂಟಿಸಿದ್ದರು. ಅಪ್ಪ, ಅಮ್ಮ, ಅಣ್ಣ, ನಾನು ಎಂದು ನಾಲ್ಕು ಸಾಲು, ದಿವಸಕ್ಕೊಂದು ಮನೆ. ಸಂಜೆ ಆರರಿಂದ ಏಳೂವರೆಯ ತನಕ ಅಣ್ಣನ ಫೋನ್ ತಂಗಿಯದು. ಒಂಬತ್ತೂವರೆಗೆ ಮೂರು ಫೋನುಗಳೂ ರಾಗಿಯ ಡಬ್ಬದ ಮೇಲೆ ಬಂದು ಕೂಡ್ರಬೇಕು. ಹುಡುಗನು ಸಂತೋಷದಿಂದ ಇದ್ದನೆಂದು ಹೇಳಿದರೆ ಸುಳ್ಳಾದೀತು. ಎರಡು ಸಾರಿ ಜಗಳವಾಗಿತ್ತು, ಒಂದು ಸಾರಿ ಊಟ ಬಿಟ್ಟಿದ್ದನು. ಲೆಕ್ಕ ಬರೆಯುವವಳು ಮಗಳು. ಅವಳ ಅಕ್ಷರದಲ್ಲಿ ಎಲ್ಲಾ ಮನೆಗಳೂ ತುಂಬಿದ್ದವು. ಅಪ್ಪನ ಸಾಲಿನಲ್ಲಿ ಗುರುವಾರವೂ ಶನಿವಾರವೂ ಮಾತ್ರ ಬರಿದಾಗಿದ್ದವು. ಆ ಎರಡರಲ್ಲಿಯೂ ಕೆಂಪು ಪೆನ್ಸಿಲಿನಿಂದ ಒಂದೊಂದು ಪ್ರಶ್ನೆಯ ಗುರುತನ್ನು ಹಾಕಿದ್ದಳು. ನಾವು ಅದನ್ನೇ ನೋಡುತ್ತಿರುವದನ್ನು ಕಂಡು ಸಹೋದರನು, "ಎರಡು ದಿವಸ ಸ್ಟ್ಯಾಂಡಿನಲ್ಲಿ ಬಾಡಿಗೆಯೇ ಇರಲಿಲ್ಲ, ಅಯ್ಯಾ" ಎಂದನು. ಒಳಗೆ ತಾಯಿಯ ಬಳಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಮಗಳು ತಲೆ ಎತ್ತದೆ, "ಹಂಗಾದ್ರೆ ಅದನ್ನೇ ಬರಿ ಅಪ್ಪ" ಎಂದಳು. ಅವನು ಕಿಟಕಿಯ ಹಲಗೆಯ ಮೇಲೆ ಪೆನ್ಸಿಲನ್ನು ಹುಡುಕಲಾರಂಭಿಸಿದನು.